ಅಮಲುಗಣ್ಣಿಗೆ ಕಂಡ ಲೋಕ

2022ರ ಜೂನ್ ತಿಂಗಳಲ್ಲಿ ಬೇಗೂರು ಪೊಲೀಸರು ಒಬ್ಬನನ್ನು ಹಿಡಿದರು. ಅವನ ಬಳಿ ಸಿಕ್ಕಿದ್ದು 29 ಕಿಲೋ ಭಂಗಿ, ಜೊತೆಗೆ 400 ಗ್ರಾಂ ಗಾಂಜಾ. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಕೆ. ನಟರಾಜನ್ ಜಾಮೀನು ಕೊಟ್ಟರು. ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಡುವ ತುದಿ. ತುದಿ ಸೇರಿರದ ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿಯನ್ನು ಚರಸ್‌ನಿಂದಲೋ ಗಾಂಜಾದಿಂದಲೋ ತಯಾರಿಸುತ್ತಾರೆ ಎನ್ನಲು ವೈಜ್ಞಾನಿಕ ಪುರಾವೆ ನ್ಯಾಯಾಲಯದ ಮುಂದೆ ಇರಲಿಲ್ಲ. ಉತ್ತರ ಭಾರತದಲ್ಲಿ ಶಿವಾಲಯಗಳ ಆಸುಪಾಸಿನ ಲಸ್ಸಿ ಅಂಗಡಿಗಳಲ್ಲಿ ಬೇರೆ ಪಾನೀಯಗಳಂತೆ ಇದೂ ಸಿಗುತ್ತದೆ ಎಂಬ ಮಾತೂ ಆದೇಶದಲ್ಲಿತ್ತು. ಇನ್ನುಳಿದ 400 ಗ್ರಾಂ ಗಾಂಜಾ, ಕಾನೂನಿನ ಲೆಕ್ಕದಲ್ಲಿ ಸಣ್ಣ ಪ್ರಮಾಣ.

ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ಬಿಟ್ಟು ತಿರುಗಿ, ಹೊಂಗಸಂದ್ರ ದಾಟಿದರೆ ಬೇಗೂರು. ಬೆಂಗಳೂರು ಎಂಬ ಹೆಸರನ್ನು ಹೊತ್ತ ಹಳೆಯ ವೀರಗಲ್ಲು ಸಿಕ್ಕಿದ್ದು ಅಲ್ಲಿನ ನಾಗೇಶ್ವರ ಗುಡಿಯಲ್ಲಿ. ಕಾಲ ಸುಮಾರು 890. ಈಗ ಗುಡಿಯ ಸುತ್ತ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಬೊಮ್ಮನಹಳ್ಳಿಯ ಬಾಡಿಗೆ ಕೋಣೆಗಳಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ ಬಂದ ಹತ್ತಾರು ರಾಜ್ಯದ ಜನ ಇದ್ದಾರೆ. ಒಂದು ಸೀಮೆಯಲ್ಲಿ ಶಿವನ ಹೆಸರಿನಲ್ಲಿ ಕುಡಿಯುವ ಸೊಪ್ಪು ಇನ್ನೊಂದು ಸೀಮೆಯಲ್ಲಿ ಠಾಣೆಯ ಮಾಲಾಗುವುದು ಇಂಥ ಊರಲ್ಲೇ.

ಪೊಲೀಸರ ಮಹಜರಿನಲ್ಲಿ ತೂಕ ಇರುತ್ತದೆ. ಆ ಸೊಪ್ಪು ತಿಂದವನ ಕಣ್ಣಿಗೆ ಏನು ಕಂಡಿತು ಎಂಬುದಕ್ಕೆ ಅದರಲ್ಲಿ ಕಲಮೇ ಇಲ್ಲ. ಅದನ್ನು ಬರೆದಿಟ್ಟವರು ಬೇರೆ ಜನ: ತತ್ವಪದಕಾರರು, ಕವಿಗಳು, ನಾಟಕದವರು, ಸಿನಿಮಾದವರು. ಈ ನಾಡಿನಲ್ಲಿ ಅಮಲಿನ ಅನುಭವವನ್ನು ಬಣ್ಣದ ಸುಳಿಯಾಗಿ ತೋರಿಸುವ ಮೊದಲು ಅದಕ್ಕೊಂದು ಬಾಯಿ ಕೊಟ್ಟಿದ್ದರು. ಅಮಲೇರಿದವನು ಮಾತಾಡುತ್ತಾನೆ, ಕೇಳುವವರು ನಗುತ್ತಾರೆ, ನಗುತ್ತಿರುವಾಗಲೇ ಎದುರು ಹೇಳಲಾಗದ ಮಾತೊಂದನ್ನು ಅವನು ಹೇಳಿಬಿಟ್ಟಿರುತ್ತಾನೆ. ಆ ಬಾಯನ್ನು ಉಳಿಸಿಕೊಂಡ ಕೃತಿಗಳು ಬದುಕಿವೆ ಎಂಬುದೇ ಈ ಚರಿತ್ರೆಯನ್ನು ಓದಿದವರಿಗೆ ಎದ್ದು ಕಾಣುವ ಸಂಗತಿ.

ದಕ್ಷಿಣದ ಮಟ್ಟಿಗೆ ಇಂಥ ಹಾಸ್ಯದ ಹಳೆಯ ಮಾದರಿ ‘ಮತ್ತವಿಲಾಸ ಪ್ರಹಸನ’. ಏಳನೆಯ ಶತಮಾನದಲ್ಲಿ ಅದನ್ನು ಬರೆದವನು ಕಂಚಿಯ ಪಲ್ಲವ ದೊರೆ ಮಹೇಂದ್ರವರ್ಮ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ದಂಡಿಗೆ ಹೆದರಿ ಕೋಟೆಯೊಳಗೆ ಅಡಗಿದನೆಂದು 634ರ ಐಹೊಳೆ ಶಾಸನ ಹೇಳುವುದು ಈ ಪಲ್ಲವನನ್ನೇ. ಯುದ್ಧದಲ್ಲಿ ಸೋತಿರಬಹುದು, ನಾಟಕದಲ್ಲಿ ಅವನ ಕೈ ದೊಡ್ಡದು. ಸತ್ಯಸೋಮನೆಂಬ ಕಾಪಾಲಿಕ ಕುಡಿದು ತೂರಾಡುತ್ತ ಕಂಚಿಯ ಬೀದಿಗೆ ಬರುತ್ತಾನೆ. ಜೊತೆಗಾತಿ ದೇವಸೋಮೆಯ ಹೆಸರನ್ನೇ ತಿರುಗುಮುರುಗು ಮಾಡಿ ಕರೆದು ಬೈಸಿಕೊಳ್ಳುತ್ತಾನೆ. ಹೆಂಡದಂಗಡಿ ಅವನ ಕಣ್ಣಿಗೆ ಯಜ್ಞಶಾಲೆಯಾಗಿ ಕಾಣುತ್ತದೆ. ಅಲ್ಲಿನ ಪ್ರತಿಯೊಂದು ವಸ್ತುವಿಗೂ ಯಾಗದ ಸಾಮಗ್ರಿಯ ಹೆಸರಿಟ್ಟು ಮುಗ್ಧ ಭಕ್ತಿಯಿಂದ ವರ್ಣಿಸುತ್ತಾನೆ. ಅಷ್ಟರಲ್ಲಿ ಭಿಕ್ಷೆಯ ಕಪಾಲ ಕಾಣೆಯಾಗುತ್ತದೆ. ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನದ ಆರೋಪ, ಜಗಳ, ಪಂಚಾಯಿತಿ. ಕೊನೆಗೆ ನೋಡಿದರೆ ಅದನ್ನು ಕಚ್ಚಿಕೊಂಡು ಹೋದದ್ದು ನಾಯಿ, ನಾಯಿಯ ಬಾಯಿಂದ ಕಿತ್ತು ತಂದವನು ಒಬ್ಬ ಹುಚ್ಚ. ಸುಮಾರು ಸಾವಿರದ ನಾನೂರು ವರ್ಷ ಕಳೆದರೂ ಈ ಹಂದರ ಸವೆದಿಲ್ಲ. ಇದೇ ಕಥೆಯನ್ನು ಹತ್ತು ನಿಮಿಷದ ಕಿರುಚಿತ್ರ ಮಾಡಿದರೆ ಇವತ್ತೂ ಓಡುತ್ತದೆ.

ಕನ್ನಡದಲ್ಲಿ ಪಂಪ ಇದ್ದಾನೆ. ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಯ ಭಾಗವನ್ನು ಓದಿದವರಿಗೆ ಗೊತ್ತು: ಕುಡಿದವರ ಬಡಬಡಿಕೆಯನ್ನು ಕವಿ ಮೂಗು ಮುರಿಯದೆ ಕೇಳಿಸಿಕೊಂಡಿದ್ದಾನೆ. ಅದು ಹತ್ತನೆಯ ಶತಮಾನ. ಆದರೆ ಪಂಪನಿಗೆ ಅದು ನಗರವರ್ಣನೆಯ ಒಂದು ಅಂಗ ಮಾತ್ರ. ಅಮಲನ್ನೇ ಹಿಡಿದು ಕೂತವರು ಬಹಳ ಕಾಲದ ನಂತರ, ಬೇರೆ ಕಡೆಯಿಂದ ಬಂದರು.

ಉತ್ತರ ಕರ್ನಾಟಕದ ಅವಧೂತ, ಆರೂಢ ಪರಂಪರೆಗಳಲ್ಲಿ ಚಿಲುಮೆ ಎಂಬುದು ಅಂಜುವ ವಸ್ತುವಾಗಿರಲಿಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ, ಕೃಷ್ಣಾ ನದಿಯ ದಂಡೆಯ ಮೌನೇಶ್ವರನ ಸನ್ನಿಧಿಯಲ್ಲಿ, ಜಾತ್ರೆಗೆ ಬಂದವರಿಗೆ ಗಾಂಜಾದ ಸಣ್ಣ ಪೊಟ್ಟಣ ಪ್ರಸಾದವಾಗಿ ಸಿಗುತ್ತಿದ್ದುದನ್ನು 2020ರಲ್ಲಿ ಪತ್ರಿಕೆಗಳು ವಿವರವಾಗಿ ಬರೆದವು. ಕೆಲವರು ಅದನ್ನು ಸೇದುತ್ತಾರೆ, ಕೆಲವರು ಕುದಿಸಿ ಸೇವಿಸುತ್ತಾರೆ. ಬೆಂಗಳೂರಿನಲ್ಲಿ ಸಿನಿಮಾದವರ ಡ್ರಗ್ಸ್ ಪ್ರಕರಣ ದಿನವಿಡೀ ಟಿವಿಯಲ್ಲಿ ಓಡುತ್ತಿದ್ದುದೂ ಆ ವರ್ಷವೇ. ಹಿಂದೂ, ಮುಸ್ಲಿಂ ಎರಡೂ ಕಡೆಯವರು ನಡೆದುಕೊಳ್ಳುವ ಆ ಗುಡಿಯ ಭಕ್ತರಿಗೆ ಅದು ಧ್ಯಾನದ ದಾರಿ. ರಾಜಧಾನಿಯ ಸ್ಟುಡಿಯೋಗಳಲ್ಲಿ ಕೂತವರಿಗೆ ಅದು ಅಪರಾಧದ ಸುದ್ದಿ.

ಈ ಪರಂಪರೆಯಿಂದ ಎದ್ದ ಬಹು ದೊಡ್ಡ ದನಿ ಶಿಶುನಾಳ ಶರೀಫರದು. ಕಾಲ 1819ರಿಂದ 1889. ಕಳಸದ ಗೋವಿಂದ ಭಟ್ಟರ ಶಿಷ್ಯ, ಕೆಲಕಾಲ ಶಾಲಾ ಮಾಸ್ತರ. ಅವರ ಗುಡುಗುಡಿಯ ಪದ ಕೇಳದ ಕನ್ನಡಿಗರು ಕಡಿಮೆ. ಸೇದುವ ಸಲಕರಣೆಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಶರೀಫರು ಮನುಷ್ಯನ ಒಳಗನ್ನು ಬಿಡಿಸಿ ತೋರಿಸುತ್ತಾರೆ. ಮನಸ್ಸು ಅಲ್ಲಿ ಸಂಚಿಯಾಗುತ್ತದೆ, ಬುದ್ಧಿ ಬೆಂಕಿಯಾಗುತ್ತದೆ, ಭಂಗಿಯೂ ಬರುತ್ತದೆ, ಚಿಲುಮೆಯೂ ಬರುತ್ತದೆ. ಕಟ್ಟೆಯ ಮೇಲೆ ಕೂತು ಗುಡುಗುಡಿ ಎಳೆಯುವ ಮುದುಕನಿಗೆ ತನ್ನದೇ ಹಾಡೆನಿಸುತ್ತದೆ, ನಗು ಬರುತ್ತದೆ. ಹಾಡು ಮುಗಿಯುವ ಹೊತ್ತಿಗೆ ಅವನ ಕೈಯಲ್ಲಿದ್ದ ವಸ್ತು ಹೊಗೆಯ ಸಾಧನವಾಗಿ ಉಳಿದಿರುವುದಿಲ್ಲ. ಸೇದಿ ನೋಡು ಎನ್ನುತ್ತಲೇ, ಸೇದಬೇಡ ಎಂದು ಉಪದೇಶಿಸದೆ, ಅಮಲಿನ ಭಾಷೆಯಲ್ಲೇ ಅಮಲಿನಾಚೆಯದನ್ನು ಹೇಳಿದ್ದು ಶರೀಫರ ದೊಡ್ಡಸ್ತಿಕೆ. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ತೆಗೆದಾಗ ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಿ. ಅಶ್ವಥ್ ಸಂಗೀತದಲ್ಲಿ ಶರೀಫರ ಪದಗಳು ಊರೂರಿನ ಟೇಪ್ ರೆಕಾರ್ಡರ್ ಹೊಕ್ಕವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಅದೇ ಗುಡುಗುಡಿಯನ್ನು ಗಿಟಾರ್ ಜೊತೆ ಹಾಡಿದರು. ಬೆಂಗಳೂರಿನ ಕಾಲೇಜು ಹುಡುಗರು ಶರೀಫರ ಕಾಲವನ್ನು ತಿಳಿಯುವ ಮೊದಲೇ ಆ ಪದಕ್ಕೆ ಕುಣಿದಿದ್ದರು.

ಶರೀಫರು ತೀರಿಕೊಂಡ ನಾಲ್ಕು ವರ್ಷಕ್ಕೆ ಬ್ರಿಟಿಷ್ ಸರ್ಕಾರ ಗಾಂಜಾದ ಬಗ್ಗೆ ಒಂದು ಆಯೋಗ ನೇಮಿಸಿತು. 1893–94ರ ಆ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ 1,193 ಸಾಕ್ಷಿಗಳ ಹೇಳಿಕೆ ಪಡೆದು ಏಳು ಸಂಪುಟಗಳ ವರದಿ ಕೊಟ್ಟಿತು. ಅದರ ಮುಂದಿದ್ದ ದೊಡ್ಡ ಪ್ರಶ್ನೆ, ಗಾಂಜಾದಿಂದ ಹುಚ್ಚು ಹಿಡಿಯುತ್ತದೆಯೇ ಎಂಬುದು. ದೇಶದ ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ ರೋಗಿಯ ಹೆಸರಿನ ಮುಂದೆ ‘ಕಾರಣ’ ಎಂಬ ಕಲಮು ಇರುತ್ತಿತ್ತು. ಅಲ್ಲಿ ಗಾಂಜಾ ಎಂದು ಬರೆದದ್ದು ಹೆಚ್ಚು. ಆಯೋಗ ಆ ಪ್ರಕರಣಗಳನ್ನು ಒಂದೊಂದಾಗಿ ಕೆದಕಿ ನೋಡಿತು. ಬಹುಪಾಲು ಕಡೆ ರೋಗಿಯನ್ನು ಹಿಡಿದು ತಂದ ಪೊಲೀಸನೋ ಮ್ಯಾಜಿಸ್ಟ್ರೇಟನೋ ಕೇಳಿದ ಮಾತನ್ನೇ ಗುಮಾಸ್ತ ಆ ಕಲಮಿಗೆ ತುಂಬಿದ್ದ. ಮಿತವಾದ ಬಳಕೆಯಿಂದ ದೊಡ್ಡ ಹಾನಿ ಕಾಣುವುದಿಲ್ಲ, ಅತಿಯಾದರೆ ಹಾನಿ ಎಂದು ವರದಿ ಹೇಳಿತು.

ಬೆಂಗಳೂರಿಗೂ ಅಂಥದೊಂದು ಆಸ್ಪತ್ರೆಯ ಚರಿತ್ರೆ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಜೊತೆಗೆ ಬಂತು, 1974ರಲ್ಲಿ ಎರಡೂ ಸೇರಿ ಹೊಸೂರು ರಸ್ತೆಯ ನಿಮ್ಹಾನ್ಸ್ ಆಯಿತು. ಬೊಮ್ಮನಹಳ್ಳಿಗೆ ಹೋಗುವ ಬಸ್ಸುಗಳು ಇವತ್ತೂ ಅದರ ಗೇಟಿನ ಮುಂದೆಯೇ ಹಾಯುತ್ತವೆ. ಆಸ್ಪತ್ರೆಯ ರಿಜಿಸ್ಟರು ಬರೆಯುವ ಕಾಲ ಬಂದ ಮೇಲೆ ಅಮಲೇರಿದವನ ಮಾತಿನ ಬೆಲೆ ಇಳಿಯಿತು. ಅವನು ಏನು ಕಂಡೆ ಎನ್ನುತ್ತಾನೋ ಅದು ರೋಗದ ಲಕ್ಷಣವಾಯಿತು. ವೈದ್ಯಕ್ಕೆ ಅದು ಬೇಕೇ ಬೇಕು. ನಿಜವಾಗಿ ನರಳುವವರಿಗೆ ಆ ಗೇಟು ಎಷ್ಟೋ ಜೀವ ಉಳಿಸಿದೆ. ಆದರೂ ಮಾತನ್ನು ಮಾತಾಗಿ ಕೇಳುವವರು ಬೇರೆ ಕಡೆ ಇರಬೇಕಾಗುತ್ತದೆ.

ಅಂಥವರೊಬ್ಬರು ಜಿ.ಪಿ. ರಾಜರತ್ನಂ. 1930ರ ದಶಕದಲ್ಲಿ ಅವರ ‘ಯೆಂಡ್ಕುಡುಕ ರತ್ನ’ ಬಂದಾಗ ಕನ್ನಡ ಕಾವ್ಯದಲ್ಲಿ ಹಿಂದೆಂದೂ ಕೇಳಿರದ ಬಾಯೊಂದು ತೆರೆಯಿತು. ಪಾಲಿ ಕಲಿತು ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದ ವಿದ್ವಾಂಸ, ಮಕ್ಕಳ ಪದ್ಯಗಳ ಮೇಷ್ಟ್ರು, ಹನಿ ಹೆಂಡ ಮುಟ್ಟದ ಮನುಷ್ಯ. ಬರೆದದ್ದು ಮಾತ್ರ ಪಡಖಾನೆಯಲ್ಲಿ ಕೂತ ಕೂಲಿಯವನ ಆಡುಮಾತಿನಲ್ಲಿ. ರಾಮನಗರ, ಬೆಂಗಳೂರು ಸೀಮೆಯ ಹಳ್ಳಿಗಳಲ್ಲಿ, ಬೊಮ್ಮನಹಳ್ಳಿ ಬೇಗೂರಿನಂಥ ಊರುಗಳಲ್ಲಿ ಆಗ ಜನ ಆಡುತ್ತಿದ್ದುದು ಇಂಥ ಮಾತನ್ನೇ. ಹಕಾರ ಬಿದ್ದುಹೋದ, ಒತ್ತಕ್ಷರ ಸವೆದ ಆ ಕನ್ನಡ ಅಚ್ಚಿನಲ್ಲಿ ಬಂದದ್ದೇ ಹಲವರಿಗೆ ಬೆರಗು.

ರತ್ನನ ಪದಗಳಲ್ಲಿ ಮತ್ತಿನ ದರ್ಶನವಿದೆ. ಮಡಿಕೇರಿಯ ಮಂಜಿನ ಮೇಲಿನ ಪದವನ್ನೇ ತೆಗೆದುಕೊಳ್ಳಬಹುದು. ಮಂಜು ಅಲ್ಲಿ ಒಂದು ಕಡೆ ನಿಲ್ಲುವುದೇ ಇಲ್ಲ. ಸಾಲು ಸಾಲಿಗೂ ಹೊಸ ರೂಪ ತಾಳುತ್ತದೆ, ನೆಲವೂ ಆಕಾಶವೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂವತ್ತು ವರ್ಷದ ನಂತರ ಅಮಲುಗಣ್ಣಿನ ಲೋಕ ತೋರಿಸಹೊರಟ ಪಶ್ಚಿಮದ ಸೈಕೆಡೆಲಿಕ್ ಸಿನಿಮಾದವರು ಬಣ್ಣದ ಎಣ್ಣೆ, ಮಸೂರ, ಮಿಂಚುವ ದೀಪಗಳಿಂದ ಸಾಧಿಸಲು ಹೆಣಗಿದ್ದನ್ನು ರಾಜರತ್ನಂ ಬರಿಯ ನಾದ, ಉಪಮೆಗಳಿಂದ ಮಾಡಿ ಮುಗಿಸಿದ್ದರು. ಇನ್ನೊಂದು ಪದದಲ್ಲಿ ದೇವರೇ ರತ್ನನ ಎದುರಿಗೆ ಬರುತ್ತಾನೆ, ಚೌಕಾಸಿ ನಡೆಯುತ್ತದೆ. ಹೆಂಡ ಬಿಡು ಎಂದರೆ ರತ್ನ ಒಪ್ಪುತ್ತಾನೆ. ಹೆಂಡತಿಯನ್ನು ಬಿಡು ಎಂದರೂ ತಲೆಯಾಡಿಸುತ್ತಾನೆ. ಕನ್ನಡದ ಪದ ಬಿಡು ಎಂದಾಗ ಮಾತ್ರ ದೇವರ ಮೇಲೇ ತಿರುಗಿ ಬೀಳುತ್ತಾನೆ. ಸ್ವಸ್ಥನೊಬ್ಬ ವೇದಿಕೆ ಮೇಲೆ ನಿಂತು ಇದನ್ನೇ ಹೇಳಿದ್ದರೆ ಭಾಷಣವಾಗುತ್ತಿತ್ತು. ಕುಡುಕ ಹೇಳಿದ್ದರಿಂದ ಮೊದಲು ನಗು, ಆಮೇಲೆ ಗಂಟಲು ಬಿಗಿತ. ಮೈಸೂರು ಅನಂತಸ್ವಾಮಿ ಈ ಪದಗಳಿಗೆ ರಾಗ ಹಾಕಿ, ರತ್ನನ ತೊದಲನ್ನೂ ಉಳಿಸಿಕೊಂಡು ಹಾಡಿದರು. ಆ ಹಾಡಿಕೆ ಕೇಳಿದವರಿಗೆ ಅದು ಏಕವ್ಯಕ್ತಿ ಹಾಸ್ಯನಾಟಕವೂ ಹೌದು. ಇವತ್ತು ಮೈಕ್ ಹಿಡಿದು ಒಬ್ಬರೇ ನಿಂತು ನಗಿಸುವ ಕನ್ನಡದ ಹುಡುಗ ಹುಡುಗಿಯರಿಗೆ ರತ್ನನಿಗಿಂತ ಹತ್ತಿರದ ಹಿರಿಯ ಬೇರೊಬ್ಬನಿಲ್ಲ.

ಅತ್ತ ಸಿನಿಮಾ ಎಂಬ ಹೊಸ ಕಲೆ ಹುಟ್ಟಿದ್ದೇ ತಡ, ಅಮಲು ಅದರ ಅಚ್ಚುಮೆಚ್ಚಿನ ವಸ್ತುವಾಗಿತ್ತು. 1906ರಲ್ಲಿ ಎಡ್ವಿನ್ ಪೋರ್ಟರ್ ಎಡಿಸನ್ ಕಂಪನಿಗಾಗಿ ‘ಡ್ರೀಮ್ ಆಫ್ ಎ ರೇರ್‌ಬಿಟ್ ಫೀಂಡ್’ ಎಂಬ ಏಳು ನಿಮಿಷದ ಚಿತ್ರ ತೆಗೆದ. ವಿನ್ಸರ್ ಮೆಕೇ ಎಂಬ ವ್ಯಂಗ್ಯಚಿತ್ರಕಾರನ ಪತ್ರಿಕಾ ಸರಣಿ ಅದಕ್ಕೆ ಮೂಲ. ಒಬ್ಬ ಚೀಸ್ ಹಚ್ಚಿದ ತಿಂಡಿಯನ್ನು ಕಂಠಮಟ್ಟ ತಿಂದು, ಮೇಲೆ ಬಿಯರ್ ಕುಡಿದು ಬೀದಿಗೆ ಬರುತ್ತಾನೆ. ಓಲಾಡುವ ದೀಪದ ಕಂಬವನ್ನು ತಬ್ಬಿಕೊಂಡರೆ ಹಿಂದೆ ಊರಿಗೆ ಊರೇ ಗಿರ್ರನೆ ಸುತ್ತುತ್ತದೆ. ಕೋಣೆಗೆ ಬಂದು ಮಲಗಿದರೆ ಪಾತ್ರೆಯೊಳಗಿಂದ ಮೂರು ಪುಟ್ಟ ದೆವ್ವಗಳು ಎದ್ದು ಅವನ ತಲೆ ಕುಟ್ಟುತ್ತವೆ, ಮಂಚ ಕಿಟಕಿಯಿಂದ ಹಾರಿ ನ್ಯೂಯಾರ್ಕಿನ ಮೇಲೆ ತೇಲುತ್ತದೆ. ಇದಕ್ಕೆಲ್ಲ ಪೋರ್ಟರ್ ಬಳಸಿದ ಉಪಾಯಗಳಲ್ಲಿ ಎರಡು: ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೊಡ್ಡಿ ಚಿತ್ರದ ಮೇಲೆ ಚಿತ್ರ ಕೂರಿಸುವುದು, ಕ್ಯಾಮೆರಾವನ್ನೇ ತೂಗಾಡಿಸುವುದು. ಎರಡು ವರ್ಷದ ನಂತರ ಫ್ರಾನ್ಸಿನ ನಿರ್ದೇಶಕ ಮೇಲಿಯೆ ಅಫೀಮು ಸೇದುವವನ ಕನಸನ್ನು ತೆಗೆದ. 1936ರ ‘ಮಾಡರ್ನ್ ಟೈಮ್ಸ್‌’ನಲ್ಲಿ ಜೈಲಿನ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯಲ್ಲಿ ಬಚ್ಚಿಟ್ಟ ಪುಡಿಯನ್ನು ಚಾಪ್ಲಿನ್ ಗೊತ್ತಿಲ್ಲದೆ ತಿಂದು, ಕಣ್ಣರಳಿಸಿ, ಜೈಲು ಒಡೆಯಲು ಬಂದವರನ್ನೇ ಬಡಿದು ಹಾಕುತ್ತಾನೆ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಯ ಪರಿಣಾಮವನ್ನು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಕಂಡುಕೊಂಡದ್ದು 1943ರಲ್ಲಿ. ಅಂದರೆ ಆ ಮಾದಕವಸ್ತುವಿಗಿಂತ ಮೊದಲೇ ಅದರ ದೃಶ್ಯಭಾಷೆಯನ್ನು ಕಿರುಚಿತ್ರದ ಹಾಸ್ಯಗಾರರು ಕಟ್ಟಿಬಿಟ್ಟಿದ್ದರು.

ಕನ್ನಡಕ್ಕೆ 1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಮಾತಿನ ಸಿನಿಮಾ ಬಂದಾಗ ಅಂಥ ತಂತ್ರಗಳಿಗೆ ಹಣವೂ ಇರಲಿಲ್ಲ, ಬೆಂಗಳೂರಿನಲ್ಲಿ ಸ್ಟುಡಿಯೋವೂ ಇರಲಿಲ್ಲ. ಇಲ್ಲಿ ಕುಡುಕನ ಪಾತ್ರ ಕಂಪನಿ ನಾಟಕದಿಂದಲೇ ನೇರ ತೆರೆಗೆ ಬಂತು, ತನ್ನ ಹಾಡು ಮಾತು ಎಲ್ಲ ಹೊತ್ತುಕೊಂಡು. ಅದರ ಶಿಖರ 1965ರ ‘ಸತ್ಯ ಹರಿಶ್ಚಂದ್ರ’. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ಸ್ಮಶಾನದ ವೀರಬಾಹುವಾಗಿ ಎಂ.ಪಿ. ಶಂಕರ್ ಮೈಮರೆತು ಕುಣಿಯುತ್ತಾರೆ, ಘಂಟಸಾಲ ಅವರ ದನಿಯಲ್ಲಿ ಕುಲದ ಮೇಲು ಕೀಳನ್ನೇ ಪ್ರಶ್ನಿಸುವ ಹಾಡು. ರಾಜ್ಯದ ಹಲವೆಡೆ ಇನ್ನೂ ಪಾನನಿಷೇಧ ಇದ್ದ ಕಾಲ ಅದು. ರಾಜನಾಗಿದ್ದ ಹರಿಶ್ಚಂದ್ರ ಮೌನವಾಗಿ ದುಡಿಯುತ್ತಿದ್ದಾನೆ. ಜಾತಿ ವ್ಯವಸ್ಥೆಯ ಬುಡ ಅಲ್ಲಾಡಿಸುವ ಮಾತು ಬರುವುದು ಅಮಲಿನಲ್ಲಿರುವ ಅವನ ಯಜಮಾನನ ಕಡೆಯಿಂದ. ಕುಡುಕನ ಬಾಯಿಗೆ ಕನ್ನಡ ಸಿನಿಮಾ ಕೊಟ್ಟ ದೊಡ್ಡ ಗೌರವ ಇದು. 2008ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಥಿಯೇಟರಿನಲ್ಲಿ ಶಿಳ್ಳೆ ಬಿದ್ದ ಹಾಡು ಅದೇ.

ಅರವತ್ತರ ದಶಕದ ಕೊನೆಗೆ ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನಲ್ಲಿ ಒಂದು ಅಪರೂಪದ ಗಾಳಿ ಬೀಸಿತು. ಅಣೆಕಟ್ಟು, ಗೊಬ್ಬರ, ಕುಟುಂಬ ಯೋಜನೆಯ ಚಿತ್ರ ಮಾಡುವ ಆ ಇಲಾಖೆಯಲ್ಲಿ ಒಡಿಶಾದ ಪ್ರಮೋದ್ ಪತಿ ಎಂಬ ನಿರ್ದೇಶಕ 1968ರಲ್ಲಿ ‘ಎಕ್ಸ್‌ಪ್ಲೋರರ್’ ಮಾಡಿದರು. ಕಥೆ ಇಲ್ಲ, ನಿರೂಪಣೆ ಇಲ್ಲ. ಕುಣಿಯುವ ಯುವಕರು, ದೇವರ ಚಿತ್ರ, ಅಕ್ಷರ, ಯಂತ್ರದ ಪರದೆಯ ಮೇಲಿನ ಅಲೆಗಳು ಕಣ್ಣು ಕುಕ್ಕುವ ವೇಗದಲ್ಲಿ ಒಂದರ ಹಿಂದೆ ಒಂದು ಬಡಿಯುತ್ತವೆ. 1970ರಲ್ಲಿ ‘ಟ್ರಿಪ್’, 1972ರಲ್ಲಿ ಕಲಾವಿದ ಆಬಿದ್ ಸುರ್ತಿಯನ್ನಿಟ್ಟುಕೊಂಡು ‘ಆಬಿದ್’. ಒಂದೊಂದೇ ಚೌಕಟ್ಟು ತೆಗೆದು ಜೋಡಿಸಿದ ಈ ಚಿತ್ರಗಳಲ್ಲಿ ಬದುಕಿರುವ ಮನುಷ್ಯ ಗೊಂಬೆಯಂತೆ ಜಿಗಿಯುತ್ತಾನೆ. ಮುಖ್ಯ ಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್ ಕಿರುಚಿತ್ರ ತೋರಿಸುವುದು ಆಗ ದೇಶದ ಪ್ರತಿ ಥಿಯೇಟರಿಗೂ ಕಡ್ಡಾಯವಾಗಿತ್ತು. ಪತಿ 1975ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರ ಚಿತ್ರಗಳಲ್ಲಿ ಕಣ್ಣಿಗೆ ಹಬ್ಬವಿದೆ. ರತ್ನನಂಥ ಬಾಯಿ ಇಲ್ಲ. ಅವುಗಳ ಹೆಸರು ಸಿನಿಮಾ ಓದಿದವರ ವಲಯ ದಾಟಿ ಜನರ ನಾಲಗೆಗೆ ಬಾರದಿದ್ದಕ್ಕೆ ಅದೂ ಒಂದು ಕಾರಣ.

ಎಂಬತ್ತರ ದಶಕದಲ್ಲಿ ಕನ್ನಡ ಸಿನಿಮಾದ ಡ್ರಗ್ಸ್ ಎಂದರೆ ಖಳನಾಯಕನ ಸೂಟ್‌ಕೇಸಿನ ಬಿಳಿ ಪುಡಿ. ಅದು ಏನು ಮಾಡುತ್ತದೆ ಎಂಬುದು ಯಾರಿಗೂ ಬೇಕಿರಲಿಲ್ಲ, ಕ್ಲೈಮ್ಯಾಕ್ಸಿನಲ್ಲಿ ಪೊಲೀಸರ ಕೈಗೆ ಸಿಕ್ಕರೆ ಸಾಕಿತ್ತು. ಶಂಕರ್‌ನಾಗ್ ಅದನ್ನು ಮುರಿದರು. ಅವರ ‘ಆಕ್ಸಿಡೆಂಟ್’ ಚಿತ್ರದಲ್ಲಿ ನಶೆಯಲ್ಲಿರುವ ಸಿರಿವಂತರ ಹುಡುಗರು ಓಡಿಸುವ ಕಾರು ರಾತ್ರಿ ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಹರಿಯುತ್ತದೆ. ಅಪ್ಪ ರಾಜಕಾರಣಿ, ಪಾತ್ರ ಅನಂತ್‌ನಾಗ್‌ರದು. ಬದುಕುಳಿದ ಬಡವನಾಗಿ ರಮೇಶ್ ಭಟ್, ಬೆನ್ನು ಹತ್ತುವ ಪತ್ರಕರ್ತನಾಗಿ ಸ್ವತಃ ಶಂಕರ್. ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ನಗುವಿಗೆ ಜಾಗವಿಲ್ಲ, ಇರಬಾರದು ಕೂಡ. ಒಬ್ಬನ ಅಮಲಿನ ಬೆಲೆಯನ್ನು ಇನ್ನೊಬ್ಬ ತನ್ನ ಜೀವದಿಂದ ತೆರುವುದನ್ನು ಶಂಕರ್‌ನಾಗ್ ಕಣ್ಣು ಮಿಟುಕಿಸದೆ ತೋರಿಸಿದರು. ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು ಅದೇ ಸುಮಾರಿಗೆ, 1985ರ ನವೆಂಬರಿನಲ್ಲಿ. ಜೂನ್ 26ನ್ನು ಮಾದಕವಸ್ತು ವಿರೋಧಿ ದಿನವೆಂದು ವಿಶ್ವಸಂಸ್ಥೆ ಗೊತ್ತು ಮಾಡಿದ್ದು 1987ರಲ್ಲಿ. ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಕೇಂದ್ರ ಶುರುವಾದದ್ದು 1991ರಲ್ಲಿ. ಆಮೇಲೆ ಕಿರುಚಿತ್ರ ಎಂದರೆ ಜಾಗೃತಿ ಚಿತ್ರ ಎಂಬಂತಾಯಿತು: ಹುಡುಗ ಸೇದುತ್ತಾನೆ, ಪರದೆ ಕೆಂಪಾಗುತ್ತದೆ, ಕ್ಯಾಮೆರಾ ಸುತ್ತುತ್ತದೆ, ತಾಯಿ ಅಳುತ್ತಾಳೆ, ಕೊನೆಗೆ ಆಸ್ಪತ್ರೆ ಅಥವಾ ಲಾಕಪ್. ಪೋರ್ಟರನ ತೂಗಾಡುವ ಕ್ಯಾಮೆರಾ ಹಾಗೇ ಉಳಿಯಿತು, ಅದರ ನಗು ಹೋಯಿತು. 2012ರ ಅಕ್ಟೋಬರಿನಿಂದ ಥಿಯೇಟರುಗಳಲ್ಲಿ ಕಡ್ಡಾಯವಾದ ಮೂವತ್ತು ಸೆಕೆಂಡಿನ ತಂಬಾಕು ವಿರೋಧಿ ಚಿತ್ರಗಳೂ ಈ ಸಾಲಿನವೇ. ಅವುಗಳ ದನಿ, ಧಾಟಿ ಎಷ್ಟು ಬೇಗ ಬಾಯಿಪಾಠವಾದವೆಂದರೆ, ಕಾಲೇಜು ಸ್ಕಿಟ್‌ಗಳಲ್ಲಿ ಅನುಕರಣೆ ಮಾಡಿ ನಗಿಸುವುದು ಮಾಮೂಲಾಯಿತು.

ದಕ್ಷಿಣ ಬೆಂಗಳೂರಿನಲ್ಲಿ ಅಷ್ಟರಲ್ಲಿ ಬೇರೆಯದೇ ಒಂದು ನೆಲ ಹದವಾಗಿತ್ತು. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ಬನಶಂಕರಿಯಲ್ಲಿ ನೆಲೆ ಕಂಡು ಜಗತ್ತಿನ ಚಿತ್ರಗಳನ್ನು ತೋರಿಸುತ್ತ ಬಂದಿತ್ತು. 2004ರಲ್ಲಿ ಅರುಂಧತಿ ನಾಗ್ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದರು. 2011ರಲ್ಲಿ ಬೆಂಗಳೂರಿನ ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ ಆರಂಭವಾಯಿತು. ಮಡಿವಾಳ, ಬಿಟಿಎಂ, ಬೊಮ್ಮನಹಳ್ಳಿಯ ಹಂಚಿಕೊಂಡ ಕೋಣೆಗಳಲ್ಲಿ ಹಗಲು ಐಟಿ ಕೆಲಸ, ರಾತ್ರಿ ಎಡಿಟಿಂಗ್ ಮಾಡುವ ಹುಡುಗರು ಹೆಚ್ಚಿದರು. ಸ್ಟಿಲ್ ಕ್ಯಾಮೆರಾದಲ್ಲೇ ಚಿತ್ರ ತೆಗೆಯುವ ಕಾಲ ಬಂದಿತ್ತು. ಚಿತ್ರದ ಮೇಲೆ ಚಿತ್ರ ಕೂರಿಸುವುದು ಮೌಸಿನ ಒಂದು ಒತ್ತಿಗೆ ಆಗುವ ಕೆಲಸವಾಗಿತ್ತು.

ಈ ಹೊತ್ತಿನಲ್ಲಿ ಬಂದದ್ದು ಪವನ್ ಕುಮಾರ್ ಅವರ ‘ಲೂಸಿಯಾ’. ಯೋಗರಾಜ್ ಭಟ್ಟರ ‘ಮನಸಾರೆ’, ‘ಪಂಚರಂಗಿ’ಗೆ ಬರೆದು, 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದ ಪವನ್‌ಗೆ ಈ ಕಥೆಗೆ ನಿರ್ಮಾಪಕರು ಸಿಗಲಿಲ್ಲ. ಪ್ರೇಕ್ಷಕರನ್ನೇ ಕೇಳಿದರು. 27 ದಿನದಲ್ಲಿ 110 ಮಂದಿ ಸೇರಿ 51 ಲಕ್ಷ ರೂಪಾಯಿ ಹಾಕಿದರು. 2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದು ಸೆಪ್ಟೆಂಬರಿನಲ್ಲಿ ಚಿತ್ರ ಇಲ್ಲಿ ಬಿಡುಗಡೆಯಾಯಿತು.

ನಾಯಕ ನಿಕ್ಕಿ ಥಿಯೇಟರಿನಲ್ಲಿ ಟಾರ್ಚ್ ಬಿಡುವವನು. ಕತ್ತಲಲ್ಲಿ ತಡವಾಗಿ ಬಂದವರಿಗೆ ಸೀಟು ತೋರಿಸುವುದು ಅವನ ಕಸುಬು. ಈ ಕಸುಬನ್ನು ತೆರೆಗೆ ತಂದದ್ದೇ ಚಿತ್ರದ ಒಂದು ಪ್ರೀತಿ. ಏಕಪರದೆಯ ಚಿತ್ರಮಂದಿರಗಳು ಒಂದೊಂದೇ ಬಾಗಿಲು ಹಾಕುತ್ತಿದ್ದ ಬೆಂಗಳೂರಿನಲ್ಲಿ ಟಾರ್ಚಿನವನೂ ಮರೆಯಾಗುತ್ತಿದ್ದ. ನಿಕ್ಕಿಗೆ ನಿದ್ದೆ ಬಾರದು. ಯಾರೋ ಕೊಟ್ಟ ಮಾತ್ರೆ ನುಂಗಿದರೆ ನಿದ್ದೆಯಷ್ಟೇ ಅಲ್ಲ, ಬೇಕಾದ ಕನಸೂ ಬರುತ್ತದೆ. ನಿನ್ನೆ ಎಲ್ಲಿ ನಿಂತಿತ್ತೋ ಇವತ್ತು ಅಲ್ಲಿಂದ ಮುಂದುವರಿಯುತ್ತದೆ. ಕನಸಿನಲ್ಲಿ ಅವನು ಸಿನಿಮಾ ಹೀರೊ. ಸತೀಶ್ ನೀನಾಸಂ ಎರಡೂ ಪಾತ್ರ ಮಾಡಿದರು, ಎದುರಿಗೆ ಶ್ರುತಿ ಹರಿಹರನ್. ಥಿಯೇಟರಿನ ಮಾಲೀಕನಾಗಿ ಅಚ್ಯುತ್ ಕುಮಾರ್. ಬಡ ನಿಕ್ಕಿ ಪ್ರೀತಿಗಾಗಿ ಇಂಗ್ಲಿಷ್ ಕಲಿಯಲು ಹೋಗುವ ಭಾಗದಲ್ಲಿ ನಗದವರಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಸಂಗೀತ ಆಗಿನ್ನೂ ಹೊಸಬರ ಸಂಗೀತ. ನವೀನ್ ಸಜ್ಜು ಕಂಠ ನಾಡಿಗೆ ಪರಿಚಯವಾದದ್ದು ಈ ಚಿತ್ರದಿಂದ.

ಅಮಲಿನ ದೃಶ್ಯ ಎಂದರೆ ಬಣ್ಣ ಚೆಲ್ಲಾಡುವುದು ಎಂಬ ರೂಢಿಯನ್ನು ಪವನ್ ತಲೆಕೆಳಗು ಮಾಡಿದರು. ಟಾರ್ಚಿನ ಹುಡುಗನ ಬದುಕು ಬಣ್ಣದಲ್ಲಿದೆ, ಹೀರೊ ಬದುಕು ಕಪ್ಪು ಬಿಳುಪಿನಲ್ಲಿದೆ. ಬಹುಪಾಲು ಹೊತ್ತು ಪ್ರೇಕ್ಷಕ ಬಣ್ಣದ್ದು ವಾಸ್ತವ, ಕಪ್ಪು ಬಿಳುಪಿನದು ಕನಸು ಎಂದು ನಂಬಿ ಕೂತಿರುತ್ತಾನೆ. ಚಿತ್ರ ಹತ್ತು ವರ್ಷ ದಾಟಿರುವುದರಿಂದ ಗುಟ್ಟು ಹೇಳಬಹುದು: ನಿಜದಲ್ಲಿ ಇರುವವನು ಹೀರೊ, ಸಾಮಾನ್ಯನಾಗಿ ಬದುಕುವ ಕನಸು ಕಾಣುತ್ತಿರುವವನೂ ಅವನೇ. ಕೂಲಿಯವನು ಅಮಲಿನಲ್ಲಿ ರಾಜನಾಗುವುದು ಹಳೆಯ ಹಾಸ್ಯ. ರಾಜನಾದವನು ಮಾತ್ರೆ ನುಂಗಿ ಟಾರ್ಚ್ ಹಿಡಿಯಲು ಹಂಬಲಿಸುವುದು ಹೊಸದು. ಆ ಹಂಬಲಕ್ಕೆ ಪವನ್ ಕೊಟ್ಟ ಮಾತು ಬೆಂಗಳೂರಿಗೆ ಹೊಟ್ಟೆಪಾಡಿಗೆ ಬಂದ ಹಳ್ಳಿ ಹುಡುಗನ ಮಾತು, ನಗಿಸುತ್ತಲೇ ಒಳಗೆ ಇಳಿಯುವ ಮಾತು. 2015ರಲ್ಲಿ ಇದು ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಆಯಿತು, ಸಿದ್ಧಾರ್ಥ್ ನಾಯಕ. ಒಳ್ಳೆಯ ನಟ, ಅದೇ ಕಥೆ. ಕನ್ನಡದ್ದು ಹಬ್ಬಿಸಿದ ಬಿಸಿ ಅಲ್ಲಿ ಹಬ್ಬಲಿಲ್ಲ.

2024ರ ಆಗಸ್ಟ್‌ನಲ್ಲಿ ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ ‘ಭೀಮ’ ಬಂತು. ಬೆಂಗಳೂರಿನ ಬಡ ಬೀದಿಗಳ ಹುಡುಗರನ್ನು ನುಂಗುವ ಗಾಂಜಾ ಜಾಲದ ಕಥೆ. ಅದರ ಸಿಟ್ಟು ಪ್ರಾಮಾಣಿಕವಾದದ್ದು, ಬೀದಿಯ ಭಾಷೆ ಅದರ ಬಲ. ‘ಲೂಸಿಯಾ’ ತಲೆಯೊಳಗೆ ಹೊಕ್ಕು ನೋಡಿದರೆ ‘ಭೀಮ’ ಬೀದಿಯಲ್ಲಿ ನಿಂತು ನೋಡುತ್ತದೆ. ಕಿರುಚಿತ್ರ ಮಾಡುವವರಿಗೆ ಎರಡರಿಂದಲೂ ಕಲಿಯುವುದಿದೆ: ಕಥೆ ನಡೆಯುವ ಬೀದಿ ಯಾವುದೆಂದು ‘ಭೀಮ’ ತೋರಿಸುತ್ತದೆ, ಆ ಬೀದಿಯ ಹುಡುಗನನ್ನು ಮಾತಾಡಿಸುವ ಬಗೆ ‘ಲೂಸಿಯಾ’ದಲ್ಲಿದೆ, ರತ್ನನ ಪದಗಳಲ್ಲಿದೆ. ಹತ್ತು ನಿಮಿಷದ ಚಿತ್ರದಲ್ಲಿ ಅವನಿಗೆ ಮೂರು ನಿಮಿಷ ಬಾಯಿ ಬಿಡಲು ಅವಕಾಶ ಕೊಟ್ಟರೆ, ಉಳಿದ ಏಳು ನಿಮಿಷ ಹೇಗೆ ತೆಗೆಯಬೇಕೆಂಬುದನ್ನು ಅವನ ಮಾತೇ ಗೊತ್ತು ಮಾಡುತ್ತದೆ.